ಎಲ್ಲಕ್ಕಿಂತ ಒಳ್ಳೆಯ ಶೋ

ಸ್ವಂತ ಹಾಡು ಕಟ್ಟಿ ಹಾಡುವ ಆ ರಾಕ್ ತಂಡದ ಶೋ ಬೆಟ್ಟದ ಮೇಲೆ ಮುಗಿಯುವ ಹೊತ್ತಿಗೆ ಅವರ ವ್ಯಾನಿನ ಡ್ರೈವರಿಗೆ ವಾಂತಿ ಶುರುವಾಗಿತ್ತು. "ನಾನು ಕೆಳಗಿಳಿಸ್ತೀನಿ ಬನ್ನಿ ಅಕ್ಕ," ಎಂದು ಮುಂದೆ ಬಂದವನು ಪ್ರತಿ ಶೋಗೂ ಮೊದಲ ಸಾಲಿನಲ್ಲಿ ನಿಲ್ಲುವ ಹುಡುಗ. ಗಾಯಕಿ ಅವನ ಪಕ್ಕ ಕೂತಳು. ಹಿಂದೆ ಡ್ರಮ್ಮು, ಗಿಟಾರುಗಳ ನಡುವೆ ಉಳಿದ ಮೂವರು ಆಗಲೇ ತೂಕಡಿಸುತ್ತಿದ್ದರು.

ಹುಡುಗನ ಬಾಯಿಗೆ ಬಿಡುವಿರಲಿಲ್ಲ. "ಸ್ಟುಡಿಯೋ ಹಾಡು ಉಪ್ಪಿನಕಾಯಿ ಇದ್ದಂಗೆ ಅಕ್ಕ, ವರ್ಷಗಟ್ಟಲೆ ಇಡಬಹುದು. ಲೈವ್ ಅಂದ್ರೆ ಈಗಷ್ಟೇ ಮರದಿಂದ ಕಿತ್ತ ಮಾವಿನಕಾಯಿ. ಅದನ್ನ ಫೋನಲ್ಲಿ ಹಿಡಿಯೋರನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ."

ಅವಳಿಗೆ ನಗು ಬಂತು. "ಇವತ್ತಿಂದು ಹೇಗಿತ್ತು?"

"ಇಷ್ಟು ಚೆನ್ನಾಗಿ ನೀವು ಯಾವತ್ತೂ ಹಾಡಿರಲಿಲ್ಲ. ಇನ್ಮುಂದೆ ಹಾಡೋದೂ ಇಲ್ಲ."

"ಅಯ್ಯೋ, ಹಂಗ್ಯಾಕಪ್ಪ ಅಂತೀಯ?"

"ಒಳ್ಳೆ ಶೋ ಆದ್ಮೇಲೆ ಎಲ್ಲ ತಂಡಗಳೂ ಕೆಡ್ತವೆ. ದೊಡ್ಡ ಮೈದಾನ, ಜಾಹೀರಾತು, ಮದುವೆ ಮನೆ. ನೋಡಕ್ಕಾಗಲ್ಲ ಅಕ್ಕ. ಹೋದ ವರ್ಷ ಆ ಕರಾವಳಿ ಹುಡುಗರು ಇದ್ರಲ್ಲ, ಪುಣ್ಯವಂತರು. ಎಲ್ಲಕ್ಕಿಂತ ಒಳ್ಳೆ ಶೋನೇ ಅವರ ಕೊನೆ ಶೋ ಆಯ್ತು."

ವ್ಯಾನು ಮೊದಲ ತಿರುವು ಇಳಿಯಿತು. ಅವಳ ಕಿಟಕಿಯ ಕೆಳಗೆ ಕಮರಿ ಬಾಯ್ದೆರೆದಿತ್ತು.

"ಎಂಥ ಪುಣ್ಯ ಮಾರಾಯ!" ಎಂದಳು. "ವಾಪಸ್ ಬರುವಾಗ ಘಾಟಿಯಲ್ಲಿ ವ್ಯಾನ್ ಉರುಳಿ ಎಲ್ರೂ ಹೋಗ್ಬಿಟ್ರು. ಓಡಿಸ್ತಿದ್ದೋನು ಒಬ್ಬ ಮಾತ್ರ ಬಾಗಿಲು ತೆಗೆದು ಹಾರಿ ಉಳ್ಕೊಂಡನಂತೆ."

"ಹೌದಕ್ಕ," ಎನ್ನುತ್ತಾ ಹುಡುಗ ತನ್ನ ಸೀಟ್ ಬೆಲ್ಟ್ ಬಿಚ್ಚಿದ.