ಕಂಡಕ್ಟರಣ್ಣನ ಆಮೆನ್

"ಈಗ ನಮ್ಮ ಕಂಡಕ್ಟರಣ್ಣ ಪ್ರಾರ್ಥನೆ ನಡೆಸಿಕೊಡ್ತಾರೆ" ಎಂದು ಪಾಸ್ಟರ್ ಹೇಳಿದ್ದೇ ತಡ, ಇಡೀ ಸಭೆ ಬೆಂಚಿನ ಮೇಲೆ ಅನುಕೂಲ ಮಾಡಿಕೊಂಡು ಕೂತಿತು. ಹಿಂದಿನ ಬೆಂಚಿನ ಬೇಕರಿಯವನು ಬೆನ್ನಿಗೆ ಗೋಡೆ ಹುಡುಕಿಕೊಂಡ. ಟೈಲರ್ ಅಕ್ಕ ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಳು. ಕಂಡಕ್ಟರಣ್ಣನೋ, ಗಂಟಲಿನ ಗಂಟು ತೆಗೆಸಿ, ಡಾಕ್ಟರ ಅಪ್ಪಣೆಯಂತೆ ನಲವತ್ತು ದಿನ ಪಿಸುಮಾತನ್ನೂ ಆಡದೆ ಇದ್ದ ಮನುಷ್ಯ. ಇವತ್ತು ಅರ್ಧ ಗಂಟೆಗೆ ಕಡಿಮೆ ಬಿಡುವುದಿಲ್ಲ ಎಂದು ಎಲ್ಲರೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದರು.

ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿ ಕೂಗಿ ಪಳಗಿದ ಕಂಠ ಅದು. ಅವನ ಪ್ರಾರ್ಥನೆಗೂ ಸ್ಟಾಪುಗಳಿದ್ದವು. ಮೊದಲು ಆಳುವವರು, ಆಮೇಲೆ ಮಳೆ ಬೆಳೆ, ಆಮೇಲೆ ಹೆಸರು ಹಿಡಿದು ಕಾಯಿಲೆಯವರು, ಕೊನೆಗೆ ಚರ್ಚಿನ ಸೋರುವ ಚಾವಣಿ. ಚಾವಣಿ ಬಂತೆಂದರೆ ಜನ ಕಣ್ಣು ಮುಚ್ಚಿಕೊಂಡೇ ಕಾಲಿನಲ್ಲಿ ಚಪ್ಪಲಿ ತಡಕಾಡುತ್ತಿದ್ದರು. ಅವನ 'ಆಮೆನ್' ಥೇಟ್ 'ಲಾಸ್ಟ್ ಸ್ಟಾಪ್' ಎಂದು ಕೂಗಿದ ಹಾಗೆ. ಅದು ಬೀಳುವವರೆಗೆ ಯಾರೂ ಕಣ್ಣು ಬಿಡುವಂತಿಲ್ಲ, ಬಿದ್ದ ಮೇಲೆ ಯಾರೂ ಕೂರುವುದಿಲ್ಲ. ಬೇರೆಯವರು ಬಾಯಿ ಬಿಟ್ಟು ಪ್ರಾರ್ಥಿಸಿ ಎಷ್ಟೋ ವರ್ಷವಾಗಿತ್ತು. ಅಣ್ಣ ಇರುವಾಗ ನಮಗೇನು ಚಿಂತೆ ಎಂದು ಎಲ್ಲರೂ ಹಾಯಾಗಿದ್ದರು. ಈ ನಲವತ್ತು ದಿನವೂ ಪಾಸ್ಟರ್ ಪುಸ್ತಕ ನೋಡಿ ಓದಿ ಹೇಗೋ ದಾಟಿಸಿದ್ದರು.

ಈಗ ಕಂಡಕ್ಟರಣ್ಣ ಮಾತ್ರ ಏಳದೆ ಬೆಂಚಿಗೆ ಅಂಟಿಕೊಂಡಿದ್ದ. ಅದಕ್ಕೆ ಕಾರಣ ಗಂಟಲಲ್ಲ. ಮಾತು ನಿಂತ ಮೊದಲ ಬೆಳಗ್ಗೆ, ಬಾಯಿ ಇಲ್ಲದಿದ್ದರೇನಂತೆ, ಮನಸ್ಸಿನಲ್ಲೇ ಪ್ರಾರ್ಥಿಸುತ್ತೇನೆ ಎಂದು ಅವನು ಕುರ್ಚಿ ಹಾಕಿಕೊಂಡು ಕೂತಿದ್ದ. ಆಳುವವರು ಬಂದರು, ಮಳೆ ಬಂತು, ಚಾವಣಿ ಬಂತು. ಮೂರೇ ನಿಮಿಷಕ್ಕೆ ಎಲ್ಲ ಮುಗಿದು ಒಳಗೆಲ್ಲ ಬಿಕೋ ಎಂದಿತು. ಕೇಳುವ ಜನ ಇಲ್ಲದಿದ್ದರೆ ದೇವರ ಹತ್ತಿರ ಆಡುವುದಕ್ಕೆ ತನ್ನದು ಅಂತ ಒಂದು ಮಾತೂ ಇಲ್ಲ ಎಂದು ಗೊತ್ತಾದಾಗ, ಅವನಿಗೆ ಆಪರೇಷನ್ನಿಗಿಂತ ಹೆಚ್ಚು ಭಯವಾಯಿತು.

ಆಗ ಪಕ್ಕದ ಕೋಣೆಯಿಂದ ಹೆಂಡತಿಯ ದನಿ ಕೇಳಿಸಿತು. ಇಸ್ತ್ರಿ ಮಾಡುತ್ತಾ ಯಾರ ಜೊತೆಗೋ ಮಾತಾಡುತ್ತಿದ್ದಳು. "ನೋಡಪ್ಪಾ, ಇವರ ಗಂಟಲು ನಿನ್ನ ಕೈಲಿದೆ. ಹಾಗೇ ನನ್ನ ಮಂಡಿ ಕಡೆಗೂ ಸ್ವಲ್ಪ ಗಮನ ಇರಲಿ. ನಿನ್ನೆ ಮಗಳ ಮೇಲೆ ರೇಗಿದ್ದು ನಂದೇ ತಪ್ಪು." ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಎದುರಿನವರ ಉತ್ತರಕ್ಕೆ ಕಾಯುವವಳಂತೆ ಸುಮ್ಮನೆ ನಿಂತಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಇದು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಬೀಳುವುದಾದರೂ ಹೇಗೆ? ದಿನವೂ ಆ ಹೊತ್ತಿಗೆ ಅವನು ಭಾನುವಾರದ ಪ್ರಾರ್ಥನೆಯನ್ನು ಜೋರಾಗಿ ಅಭ್ಯಾಸ ಮಾಡುತ್ತಿದ್ದ. ಮರುದಿನ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಇಸ್ತ್ರಿ ಮೇಜಿನ ಪಕ್ಕ ಕೂತ. ಉಳಿದಷ್ಟು ದಿನವೂ ಅಲ್ಲೇ ಕೂತ. ಇಷ್ಟು ನೆಮ್ಮದಿ ಅವನು ಕಂಡಿರಲಿಲ್ಲ.

"ಏನ್ರೀ, ಏಳಿ" ಎಂದಳು ಈಗ ಬೆಂಚಿನಲ್ಲಿ ಪಕ್ಕ ಕೂತಿದ್ದ ಹೆಂಡತಿ ಮೆಲ್ಲಗೆ.

"ಬಾಯಿ ತೆರೆದ ತಕ್ಷಣ ಮತ್ತೆ ಹಳೇದೇ ಶುರುವಾಗಿಬಿಟ್ರೆ?"

"ಆದ್ರೆ ಆಗ್ಲಿ. ಮೇಲಿರೋನಿಗೂ ಬಾಯಿಪಾಠ ಆಗಿರುತ್ತೆ."

ಕಂಡಕ್ಟರಣ್ಣ ಎದ್ದು ನಿಂತ. ಆಳುವವರು ನಾಲಿಗೆಯ ತುದಿಗೆ ಬಂದೇಬಿಟ್ಟಿದ್ದರು. ಅವರನ್ನು ನುಂಗಿಕೊಂಡ. "ಅಪ್ಪಾ" ಎಂದ. ದನಿ ಒರಟಾಗಿತ್ತು, ಸಣ್ಣದಾಗಿತ್ತು. "ಇಷ್ಟು ವರ್ಷ ನಾನೇ ಮಾತಾಡಿದೆ. ಇನ್ನು ನೀನು ಹೇಳು. ಕೇಳ್ತೀನಿ." ಅಷ್ಟೇ. ಕೂತುಬಿಟ್ಟ. ಎದೆಯ ಮೇಲಿನ ಭಾರ ಇಳಿದ ಖುಷಿಯಲ್ಲಿ ಆಮೆನ್ ಹೇಳುವುದೇ ಮರೆತುಹೋಯಿತು.

ಆಮೆನ್ ಬೀಳದೆ ಸಭೆ ಕಣ್ಣು ಬಿಡುವುದು ಹೇಗೆ? ಪಾಪ, ಉಸಿರು ತಗೊಳ್ತಿದ್ದಾನೆ ಎಂದುಕೊಂಡು ಎಲ್ಲರೂ ಕಾದರು. ಒಂದು ನಿಮಿಷವಾಯಿತು, ಎರಡಾಯಿತು. ಯಾರದೋ ಮಗು ಬಿಕ್ಕಳಿಸಿತು. ಆಗ ಹಿಂದಿನ ಬೆಂಚಿನಿಂದ, ಮಾತೇ ಆಡದ ಬೇಕರಿಯವನ ದನಿ ಕೇಳಿಸಿತು. "ದೇವರೇ, ತಮ್ಮನ ಹತ್ರ ಮಾತು ಬಿಟ್ಟು ಆರು ವರ್ಷ ಆಯ್ತು. ಇವತ್ತು ಫೋನ್ ಮಾಡ್ತೀನಿ. ಅವನು ಎತ್ತೋ ಹಾಗೆ ಮಾಡು."

ಟೈಲರ್ ಅಕ್ಕ ಮೂಗು ಒರೆಸಿಕೊಂಡಳು. "ನಂಗೆ ಕೇಳೋದೇನೂ ಇಲ್ಲ ತಂದೆ. ಕಣ್ಣಿನ ಪೊರೆ ತೆಗೆದ್ರಲ್ಲ, ನಿನ್ನೆ ನಾನೇ ಸೂಜಿಗೆ ದಾರ ಪೋಣಿಸಿದೆ. ನಿನಗೆ ಹೇಳ್ಬೇಕು ಅನ್ನಿಸ್ತು." ಯಾರೋ ನಕ್ಕರು, ಇನ್ಯಾರೋ ಶುರುಮಾಡಿದರು. "ಎದುರುಮನೆ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಊಟ ಕೊಡೋಕೆ ಯಾರನ್ನಾದ್ರೂ ಕಳಿಸು ಕರ್ತನೇ" ಎಂದು ಒಬ್ಬಳು ಬೇಡಿಕೊಂಡರೆ, "ಮಂಗಳವಾರ ನಾನು ಹೋಗ್ತೀನಿ" ಎಂದು ಪ್ರಾರ್ಥನೆಯ ನಡುವೆಯೇ ಇನ್ನೊಬ್ಬಳು ಒಪ್ಪಿಕೊಂಡಳು. "ಗುರುವಾರ ನಂದು" ಎಂದಿತು ಮೂರನೆಯ ಬೆಂಚು. ಪಾಸ್ಟರ್ ಇಷ್ಟು ದಿನ ನೋಡಿ ಓದಿದ ಪ್ರಾರ್ಥನೆ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟು, ಇದ್ದಲ್ಲೇ ಮೊಣಕಾಲೂರಿದರು. ಅವರ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

ಹೆಂಡತಿ ಮೊಣಕೈಯಿಂದ ತಿವಿದಳು. "ರೀ, ನೀವು ಆಮೆನ್ ಹೇಳೇ ಇಲ್ಲ. ಅರ್ಧ ಗಂಟೆ ಮೇಲಾಯ್ತು. ಹೇಳಿ ಮುಗಿಸಿ."

ಕಂಡಕ್ಟರಣ್ಣ ಒಂದು ಕಣ್ಣು ತೆರೆದು, ಹಳೆಯ ಅಭ್ಯಾಸದಂತೆ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಒಮ್ಮೆ ನೋಡಿದ.

"ತಡಿಯೇ" ಎಂದ. "ಇಳಿಯೋರು ಯಾರೂ ಕಾಣ್ತಿಲ್ಲ."