ಏಳನೆಯ ಪುಟ

ನಾಗರಾಜುವಿನ ವರದಿ ಹನ್ನೊಂದು ಪುಟವಿತ್ತು, ಅಷ್ಟೂ ಇಂಗ್ಲಿಷಿನಲ್ಲಿ. ಗೋಣಿಕೊಪ್ಪಲಿನ ಕಿತ್ತಳೆ ಕಂಪನಿಯ ಯಜಮಾನ ಪೂವಯ್ಯನವರಿಗೆ ಇಂಗ್ಲಿಷ್ ಬಾರದು. ತಾನೇ ಕನ್ನಡದಲ್ಲಿ ಹೇಳಿಬಿಡುತ್ತೇನೆ ಎಂದು ಹುಡುಗ ಎರಡು ಸಲ ಕೇಳಿಕೊಂಡ. ಪೂವಯ್ಯ ಒಪ್ಪಲಿಲ್ಲ. ಮದ್ರಾಸಿನ ತಂತಿಯಿಂದ ಹಿಡಿದು ಮಡಿಕೇರಿಯ ಚೀಫ್ ಕಮಿಷನರ್ ಕಚೇರಿಯ ಕಾಗದದವರೆಗೆ ಹತ್ತೊಂಬತ್ತು ವರ್ಷದಿಂದ ಎಲ್ಲವನ್ನೂ ಓದಿ ಹೇಳುತ್ತಿದ್ದವರು ಕಂಪನಿಯ ಗುಮಾಸ್ತ, ರೈಟರ್ ಮರುಳಸಿದ್ದಪ್ಪ. ಇದನ್ನೂ ಅವರೇ ಓದಲಿ ಎಂದರು.

ಎರಡು ವರ್ಷದಿಂದ ಕಂಪನಿಯ ಹಣ್ಣು ಮದ್ರಾಸ್ ಸೇರುವಷ್ಟರಲ್ಲಿ ಮೆತ್ತಗಾಗುತ್ತಿತ್ತು. ಈ ಸಲವೂ ಹೀಗೇ ಆದರೆ ನಾಗಪುರದ ಹಣ್ಣು ತರಿಸಿಕೊಳ್ಳುತ್ತೇವೆಂದು ಅಲ್ಲಿನ ವರ್ತಕರು ತಂತಿ ಕೊಟ್ಟಿದ್ದರು. ಅದೇ ವಾರ ಮೈಸೂರಿನ ಒಂದು ಕಾಮರ್ಸ್ ಕಾಲೇಜಿನಿಂದ ಪತ್ರ ಬಂತು. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬನನ್ನು ಆರು ವಾರ ಇಟ್ಟುಕೊಂಡರೆ ಅವನು ವ್ಯಾಪಾರ ಕಲಿಯುತ್ತಾನೆ, ಕಂಪನಿಯ ತೊಂದರೆ ಏನೆಂದು ನೋಡಿ ವರದಿ ಬರೆದುಕೊಡುತ್ತಾನೆ ಎಂದಿತ್ತು. ಕರೆಸೋಣ ಎಂದು ಯಜಮಾನರನ್ನು ಒಪ್ಪಿಸಿದವರು ಮರುಳಸಿದ್ದಪ್ಪನವರೇ. ಬಂದ ನಾಗರಾಜು ಶಿರಂಗಾಲದ ಹುಡುಗ, ತಮ್ಮ ಶನಿವಾರಸಂತೆ ಕಡೆಯ ಮಾತನ್ನೇ ಆಡುವವನು ಎಂದು ತಿಳಿದ ಮೇಲೆ ಮನೆಯಲ್ಲೇ ಇಟ್ಟುಕೊಂಡರು. ಅವನಿಗೆಂದು ಹೆಂಡತಿ ರಂಗಮ್ಮ ದಿನಾ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟಿದಳು. ಕೊನೆಯ ಎರಡು ದಿನ ಮಾತ್ರ ಹುಡುಗ ತಟ್ಟೆಯಿಂದ ತಲೆಯೆತ್ತದೆ ತಿಂದು ಎದ್ದುಹೋಗಿದ್ದ. ವರದಿಯ ಚಿಂತೆ ಇರಬೇಕು ಎಂದುಕೊಂಡಿದ್ದರು.

ಆರು ಪುಟ ಸಲೀಸಾಗಿ ಸಾಗಿತು. ಒಂದೊಂದು ಪ್ಯಾರಾ ಓದುವುದು, ಕನ್ನಡದಲ್ಲಿ ಹೇಳುವುದು. ಹುಡುಗನ ಭಾಷೆ ಚೆನ್ನಾಗಿದೆ ಎಂದು ಮರುಳಸಿದ್ದಪ್ಪ ನಡುವೆ ಒಮ್ಮೆ ಮೆಚ್ಚಿಕೊಂಡರು. ಏಳನೆಯ ಪುಟದಲ್ಲಿ ನಿಂತರು. ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ಓದಿದರು. ಎದುರು ಬೆಂಚಿನಲ್ಲಿ ಕೂತಿದ್ದ ನಾಗರಾಜು ನೆಲ ನೋಡುತ್ತಿದ್ದ. ಈ ಪುಟವನ್ನು ಬಿಟ್ಟು ಮುಂದಕ್ಕೆ ಹೋದರೆ ಕೇಳುವವರು ಯಾರೂ ಇಲ್ಲ ಎಂಬುದು ಮರುಳಸಿದ್ದಪ್ಪನವರಿಗೆ ಹೊಳೆಯದೇ ಇರಲಿಲ್ಲ.

"ಎಂತ ಬರ್ದುಂಟು?" ಎಂದರು ಪೂವಯ್ಯ.

ಮರುಳಸಿದ್ದಪ್ಪ ಹೇಳತೊಡಗಿದರು. ತೋಟಗಳಿಂದ ಬರುವ ಗಾಡಿಗಳನ್ನು ಗೇಟಿನಲ್ಲೇ ನಿಲ್ಲಿಸಿ, ಒಂದೊಂದು ಬುಟ್ಟಿಯಲ್ಲೂ ಕೈಹಾಕಿ ಹಣ್ಣು ಒತ್ತಿ ನೋಡಿ ಚೀಟಿ ಬರೆಯಲಾಗುತ್ತಿದೆ. ಅಷ್ಟು ಹೊತ್ತು ಉಳಿದ ಗಾಡಿಗಳು ಬಿಸಿಲಿನಲ್ಲಿ ಕಾಯುತ್ತವೆ, ಕೆಲವು ನಾಲ್ಕು ಗಂಟೆ ಹೊತ್ತು. ಒಳಗೆ ಪೆಟ್ಟಿಗೆ ತುಂಬುವ ಹೆಂಗಸರು ಅದೇ ಹಣ್ಣನ್ನು ಹೇಗೂ ಎರಡನೇ ಸಲ ಆರಿಸುತ್ತಾರೆ. ಹಣ್ಣು ಕೆಡುವುದು ರೈಲಿನಲ್ಲಲ್ಲ, ಗೇಟಿನಲ್ಲಿ. ಆದ್ದರಿಂದ ಗೇಟಿನ ತಪಾಸಣೆ ನಿಲ್ಲಿಸಬೇಕು. "ಆಮೇಲೆ," ಎಂದು ಒಂದು ಉಸಿರು ಬಿಟ್ಟು ಮುಗಿಸಿದರು, "ಗೇಟಿನ ರೈಟರ್ ಹುದ್ದೆ ಅನಗತ್ಯ ಅಂತ ಬರ್ದಿದಾನೆ."

ಗೇಟಿನ ರೈಟರ್ ಎಂದರೆ ಮರುಳಸಿದ್ದಪ್ಪನವರೇ. ಪೂವಯ್ಯ ಕೂತ ಕುರ್ಚಿ ಕಿರುಗುಟ್ಟಿತು. ಅವರು ಹುಡುಗನ ಕಡೆ ತಿರುಗಿ, ನೀನು ಬರೆದದ್ದು ಹೀಗೆಯೇ ಏನು ಎಂದು ಕೇಳಿದರು. ನಾಗರಾಜುವಿನ ಮುಖ ಕೆಂಪಗಾಯಿತು.

"ಇಲ್ಲ ಸಾರ್. ಅವ್ರು ತಪ್ಪು ತಿಳ್ಕಂಡವ್ರೆ. ನಾನು ಬರ್ದಿದ್ದು ಬೇರೆ ಥರ."

ಪೂವಯ್ಯನವರಿಗೆ ಅಷ್ಟೇ ಸಾಕಾಗಿತ್ತು. ಬರೆದವನೇ ಇಲ್ಲ ಎನ್ನುತ್ತಿರುವಾಗ ಬಿಡಿ, ಮುಂದೆ ಓದಿ ಎಂದರು. ಅವರ ದನಿಯಲ್ಲಿದ್ದ ನಿರಾಳ ಮರುಳಸಿದ್ದಪ್ಪನವರಿಗೂ ಕೇಳಿಸಿತು. ಅವರು ಸುಮ್ಮನಿದ್ದಿದ್ದರೆ ಅಂದಿಗೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವರು ಓದಿ ಹೇಳಿದ್ದು ತಪ್ಪು ಎಂದು ಆ ಕೋಣೆಯಲ್ಲಿ ಯಾರೂ ಅಂದಿರಲಿಲ್ಲ. ಹುದ್ದೆ ಅನಗತ್ಯ ಎಂದಾಗ ಆಗದ ಸಂಕಟ ಈಗ ಆಯಿತು. ಹಾಳೆಯನ್ನು ಹುಡುಗನ ಮುಂದೆ ಹಿಡಿದು, ಆ ಸಾಲಿನ ಕೆಳಗೆ ಉಗುರಿಟ್ಟರು.

"ಈ ಪದಕ್ಕೆ ಇನ್ನೊಂದು ಅರ್ಥ ಐತಾ? ಇದ್ರೆ ಹೇಳು ಮಗ."

ನಾಗರಾಜು ಹಾಳೆಯಿಂದ ಕಣ್ಣು ಕೆಳಗಿಳಿಸಿದ. ಮರುಳಸಿದ್ದಪ್ಪ ಯಜಮಾನರ ಕಡೆ ತಿರುಗಿ, ತಾವು ಓದಿದ್ದು ಸರಿಯಿದೆ ಎಂದರು. ಪೂವಯ್ಯ ಕಿಟಕಿಯಾಚೆ ಗೇಟಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಓದಿದ್ದು ಸರಿ. ಅವ ಬರ್ದದ್ದೂ ಸರಿಯಾ?"

ಮರುಳಸಿದ್ದಪ್ಪನವರೂ ಅತ್ತ ತಿರುಗಿದರು. ಹೊರಗೆ ಗೇಟಿನ ಆಚೆ ಆರು ಗಾಡಿಗಳಿದ್ದವು. ಇವರು ಬರುವುದನ್ನೇ ಕಾಯುತ್ತ ಗಾಡಿಯವರು ಎತ್ತುಗಳನ್ನು ಬಿಚ್ಚಿ ಮರದ ನೆರಳಿಗೆ ಕಟ್ಟಿದ್ದರು. ಹಣ್ಣಿನ ಬುಟ್ಟಿಗಳಿಗೆ ನೆರಳಿರಲಿಲ್ಲ.

"ಸರಿ ಐತೆ," ಎಂದರು ಮರುಳಸಿದ್ದಪ್ಪ.

ಹಾಗಾದರೆ ಸೋಮವಾರದಿಂದ ಗಾಡಿಗಳು ನೇರ ಒಳಗೆ ಹೋಗಲಿ, ನಿಮ್ಮ ವಿಷಯ ಕುಯ್ಲು ಮುಗಿದ ಮೇಲೆ ನೋಡೋಣ ಎಂದರು ಪೂವಯ್ಯ. ನೋಡೋಣ ಎಂದರೆ ಏನೆಂಬುದು ಮೂವರಿಗೂ ಗೊತ್ತಿತ್ತು. ಉಳಿದದ್ದನ್ನು ಓದಲು ಹೇಳಿದರು. ಮರುಳಸಿದ್ದಪ್ಪ ಓದಿದರು. ಪೆಟ್ಟಿಗೆಗೆ ಗಾಳಿಯಾಡಲು ತೂತು ಇರಬೇಕು, ಒಣಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಹಾಕಬೇಕು, ರೈಲಿಗೆ ಹಣ್ಣು ಒಯ್ಯುವ ಲಾರಿ ಬೆಳಗಿನ ತಂಪಿನಲ್ಲಿ ಹೊರಡಬೇಕು. ಎಂಟು, ಒಂಬತ್ತು, ಹತ್ತು. ಅವರ ದನಿ ಎಲ್ಲೂ ತಡವರಿಸಲಿಲ್ಲ.

ಹನ್ನೊಂದನೆಯ ಪುಟದಲ್ಲಿ ಇದ್ದದ್ದು ಐದೇ ಸಾಲು. ಮರುಳಸಿದ್ದಪ್ಪನವರು ಮಗನಂತೆ ನೋಡಿಕೊಂಡರು, ಹಣ್ಣನ್ನು ಕೈಯಿಂದ ಮುಟ್ಟಿಯೇ ಅರಿಯುವ ಇಂಥವರು ಮತ್ತೊಬ್ಬರಿಲ್ಲ, ತಾನು ಕಲಿತದ್ದೆಲ್ಲ ಅವರಿಂದ ಎಂದು ಹುಡುಗ ಬರೆದಿದ್ದ. ನಾಗರಾಜು ಆ ದಿನ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದ.

ಮರುಳಸಿದ್ದಪ್ಪ ಐದೂ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡರು. ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟರು.

"ಅಷ್ಟೆಯಾ?" ಎಂದರು ಪೂವಯ್ಯ.

"ಅಷ್ಟೇ. ಕೊನೇದು ಬರೀ ಉಪಚಾರದ ಮಾತು."