ಹಿತ್ತಾಳೆ ಹಲ್ಲು

ಆಟಿಕೆ ಉಗಿಬಂಡಿಯ ಹೊಟ್ಟೆ ಬಿಚ್ಚಿ ಅವನು ಚಕ್ರ ತಿರುಗಿಸಿದ್ದೇ ತಡ, ಹಿತ್ತಾಳೆ ಗೇರ್ ಕರಕರ ಎಂದಿತು. ಅದರ ಒಂದು ಹಲ್ಲು ಸೊಟ್ಟಗಾಗಿತ್ತು.

"ರೀ, ಪುಟ್ಟಿ ನಿದ್ದೇಲಿ ಹಲ್ಲು ಕಡೀತಿದಾಳೆ!" ಕೋಣೆಯಿಂದ ಹೆಂಡತಿ ಕೂಗಿದಳು.

"ಇಲ್ಲೂ ಅದೇ ಕಥೆ ಕಣೇ," ಎಂದು ಅವನು ನಕ್ಕ. ರಿಪೇರಿಗೆ ಹೊಸಬ, ಸೊಟ್ಟ ಹಲ್ಲನ್ನು ಮೆಲ್ಲಗೆ ಬಗ್ಗಿಸಿ ನೆಟ್ಟಗೆ ಮಾಡಿದ್ದರೆ ಸಾಕಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಲೋಹ ಉಜ್ಜುವ ಅರ ತೆಗೆದುಕೊಂಡು ಆ ಹಲ್ಲನ್ನು ಉಜ್ಜಿದ. ಹಿತ್ತಾಳೆ ಪುಡಿ ಉದುರಿತು.

ಒಳಗೆ ಮಗಳು ಕಿಟಾರನೆ ಕಿರುಚಿದಳು. ಅವನ ಕೈ ನಿಂತಿತು, ಕಿರುಚಾಟವೂ ನಿಂತಿತು. 'ಛೇ, ನನಗೆಲ್ಲೋ ಭ್ರಾಂತು' ಎಂದುಕೊಂಡು, ಇನ್ನೊಂದೇ ಒಂದು ಸಲ ಅರ ಎಳೆದ.

ಮತ್ತೆ ಅದೇ ಕಿರುಚಾಟ. ಹೆಂಡತಿ ಮಗಳನ್ನು ಎತ್ತಿಕೊಂಡು ಓಡಿಬಂದಳು. "ಹಾಸಿಗೇಲಿ ಮಲಗಿದ್ದ ಕೂಸು ಏನು ತಿಂತೋ ನೋಡ್ರೀ!"

ಮಗಳ ಕೆಳತುಟಿಯ ಮೇಲೆ ಹಿತ್ತಾಳೆ ಪುಡಿ ಮಿನುಗುತ್ತಿತ್ತು.